ಸರಕಿನ ಗಾಡಿಯನ್ನು ಕೊಳ್ಳುವ ಮುನ್ನ

ನಮ್ಮ ಹಿರಿಯರು ಎತ್ತನ್ನು ಕೊಳ್ಳುವಾಗ ತೋರುತ್ತಿದ್ದ ಎಚ್ಚರವನ್ನು ಬಲ್ಲವರು ಗ್ರಾಮಗಳಲ್ಲಿ ಈಗಲೂ ಇದ್ದಾರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದ ರೈತನು ಮೊದಲು ಸುತ್ತಾಡಿ ಸುಮ್ಮನೆ ನೋಡುತ್ತಿದ್ದನು. ಆಮೇಲೆ ಹಲ್ಲನ್ನು ಎಣಿಸಿ, ಸುಳಿಯನ್ನು ಪರೀಕ್ಷಿಸಿ, ಗೊರಸನ್ನು ಎತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಕಟ್ಟಕಡೆಗೆ ಬೆಲೆಯ ಮಾತನ್ನು ತೆಗೆಯುತ್ತಿದ್ದನು. ಆ ಜೋಡಿ ಎತ್ತುಗಳಿಗಿಂತ ಎಷ್ಟೋ ಪಾಲು ಹೆಚ್ಚಿನ ಬೆಲೆಯ ಪಿಕಪ್ ಗಾಡಿಯನ್ನು ಇಂದು ಅನೇಕರು ಒಂದೇ ಮಧ್ಯಾಹ್ನದಲ್ಲಿ, ಬಣ್ಣವನ್ನೂ ಮೊದಲು ಕಟ್ಟಬೇಕಾದ ಹಣವನ್ನೂ ಮಾತ್ರ ವಿಚಾರಿಸಿ, ಕೊಂಡುಬಿಡುವುದುಂಟು. ಬೆಳೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮನೆಯಂಗಳಕ್ಕೆ ಬಂದ ಗಾಡಿಯು, ಧಾರಣೆ ಬಿದ್ದ ವರ್ಷ ಸಾಲ ಕೊಟ್ಟವರ ಅಂಗಳವನ್ನು ಸೇರುತ್ತದೆ. ಅದರೊಡನೆ ಹೆಂಗಸರ ಕೊರಳಿನ ಚಿನ್ನವೂ ಗಿರವಿಯಂಗಡಿಯಲ್ಲಿ ಉಳಿಯುತ್ತದೆ. ಆದಕಾರಣ ಈ ತಿಂಗಳು ನಾವು ಮಧ್ಯಮ ಗಾತ್ರದ ಸರಕಿನ ಗಾಡಿಯ ವಿಚಾರವಾಗಿ ನಾಲ್ಕು ಮಾತುಗಳನ್ನು ಬರೆಯಲು ಉದ್ದೇಶಿಸಿದ್ದೇವೆ.

ಮೊದಲು ಯಾವ ಗಾಡಿಯ ಮಾತೆಂಬುದು ಸ್ಪಷ್ಟವಾಗಿರಲಿ. 1986ರಲ್ಲಿ ಬಂದ ಟಾಟಾ 407 ಈ ಪಂಕ್ತಿಯಲ್ಲಿ ದೊಡ್ಡಣ್ಣನಂತಿದ್ದರೆ, 2005ರಲ್ಲಿ ಬಂದ ಟಾಟಾ ಏಸ್ ಎಂಬ ಪುಟ್ಟ ಗಾಡಿಯು ಕಿರಿಯ ತಮ್ಮನು. ಇವೆರಡರ ನಡುವೆ ಒಂದರಿಂದ ಎರಡು ಟನ್ನಿನ ತನಕ ಹೊರುವ ಮಹೀಂದ್ರಾ ಬೊಲೆರೊ ಪಿಕಪ್, ಟಾಟಾ ಯೋಧಾ, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮೊದಲಾದವು ಇವೆ. ರೈತರೂ ಸಣ್ಣ ವ್ಯಾಪಾರಿಗಳೂ ಸಾಮಾನ್ಯವಾಗಿ ಅರಸುವುದು ಇವುಗಳನ್ನೇ. ಇವಲ್ಲದೆ ಟೊಯೊಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಎಂಬ ಐದು ಜನ ಕುಳಿತುಕೊಳ್ಳುವ ಗಾಡಿಗಳೂ ಇವೆ. ಹೈಲಕ್ಸ್ ಎಂಬುದು 1968ರಲ್ಲಿ ಜಪಾನಿನಲ್ಲಿ ಹುಟ್ಟಿ ಲೋಕವನ್ನೆಲ್ಲ ಸುತ್ತಿ, 2022ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಿತು. ನೋಡಲು ಗಂಭೀರವಾದ ಈ ಗಾಡಿಗಳು ಕೆಸರನ್ನೂ ಏರನ್ನೂ ಲೆಕ್ಕಿಸುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಮಾರಾಟವಾಗುವ ಇವುಗಳಲ್ಲಿ ಕೆಲವಕ್ಕೆ ಕಾಗದದ ಮೇಲೆ ಅನುಮತಿಸಿದ ಹೊರೆಯು ಅರ್ಧ ಟನ್ನನ್ನೂ ಮುಟ್ಟುವುದಿಲ್ಲ. ಕುಟುಂಬವೂ ತೋಟವೂ ಒಂದೇ ಗಾಡಿಯಲ್ಲಿ ಸಾಗಬೇಕೆನ್ನುವ ಕೊಡಗಿನ ಅಥವಾ ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇವು ಒಪ್ಪಬಹುದು. ದಿನವೂ ಮಂಡಿಗೆ ಮಾಲು ಹೊರುವವರಿಗೆ ಒಪ್ಪಲಾರವು.

ಇಷ್ಟರಿಂದಲೇ ನಾವು ಹೇಳಬೇಕೆಂದಿರುವ ಮುಖ್ಯ ಮಾತು ವಾಚಕರಿಗೆ ಹೊಳೆದಿರಬಹುದು. ಗಾಡಿಯನ್ನು ನೋಡಿ ಹೊರೆಯನ್ನು ಹುಡುಕಬಾರದು. ಹೊರೆಯನ್ನು ಅಳೆದು ಗಾಡಿಯನ್ನು ಹುಡುಕಬೇಕು. ಗಾಡಿಯ ಗಾತ್ರ, ಇಂಜಿನಿನ ಬಲ, ಸರ್ಕಾರದ ಪರವಾನಗಿ, ಸಾಲದ ಕಂತು, ರಸ್ತೆಯಲ್ಲಿ ಪ್ರಾಣದ ಕ್ಷೇಮ, ಇವೆಲ್ಲವೂ ಹೊರೆಯೆಂಬ ಒಂದೇ ಗೂಟಕ್ಕೆ ಕಟ್ಟಿದ ಹಗ್ಗಗಳು.

ಹೊರೆಯನ್ನು ಅಳೆಯುವುದು ಕಷ್ಟವಾದ ವಿದ್ಯೆಯೇನೂ ಅಲ್ಲ. ಕೋಲಾರದ ಮಾರುಕಟ್ಟೆಯಲ್ಲಿ ಟೊಮ್ಯಾಟೊ 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. ನೂರು ಬಾಕ್ಸುಗಳೆಂದರೆ 1,500 ಕಿಲೋ ಹಣ್ಣು. ಖಾಲಿ ಕ್ರೇಟುಗಳ ತೂಕವನ್ನೂ ಕೂಡಿಸಿದರೆ 1,600 ಕಿಲೋ ಮೀರುತ್ತದೆ. 1,300 ಕಿಲೋ ಹೊರುವ ಗಾಡಿಯನ್ನು ತಂದು ಪ್ರತಿ ಕೊಯ್ಲಿನಲ್ಲಿಯೂ ನೂರು ಬಾಕ್ಸು ಹೇರುವವನು ಪ್ರತಿ ಸಲವೂ ಆರು ಗೊಬ್ಬರದ ಮೂಟೆಗಳಷ್ಟನ್ನು ಅದರ ಬೆನ್ನಿನ ಮೇಲೆ ಹೆಚ್ಚಾಗಿ ಹೇರಿದಂತಾಯಿತು. ಸಿಮೆಂಟಿನ ಮೂಟೆ 50 ಕಿಲೋ. ಯೂರಿಯಾ ಮೂಟೆಯು 2018ರಿಂದ 45 ಕಿಲೋ ಆಗಿದೆ. ಸಾವಿರ ಲೀಟರಿನ ನೀರಿನ ಟ್ಯಾಂಕಿ ತುಂಬಿದರೆ ಟ್ಯಾಂಕಿಯ ತೂಕವಲ್ಲದೆಯೇ ಒಂದು ಟನ್ನು. ಒಣಹುಲ್ಲು ಗಾಡಿಯ ಮೇಲೆ ಆಳೆತ್ತರ ನಿಂತರೂ ಭಾರವು ಸ್ವಲ್ಪವೇ; ಮರಳು ತೊಟ್ಟಿಯ ಅರ್ಧಕ್ಕೆ ಬರುವಷ್ಟರಲ್ಲಿ ಗಾಡಿಯ ಶಕ್ತಿಯೆಲ್ಲ ಮುಗಿದಿರುತ್ತದೆ. ಆದುದರಿಂದ ಹೋದ ವರ್ಷ ತಿಂಗಳು ತಿಂಗಳಿಗೆ ಮನೆಯಿಂದ ಏನೇನು ಹೊರಟಿತು, ಎಷ್ಟು ಹೊರಟಿತು, ಎಷ್ಟು ದೂರ ಹೋಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದೇ ಮೊದಲ ಕೆಲಸ.

ಎರಡನೆಯ ಕೆಲಸವು ಗಾಡಿಯು ನಿಜವಾಗಿ ಎಷ್ಟನ್ನು ಹೊರಬಹುದೆಂಬುದನ್ನು ತಿಳಿಯುವುದು. ಇದಕ್ಕೆ ಮಾರುವವರ ಬಾಯಿಮಾತು ಬೇಡ. ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಗಾಡಿಯ ಖಾಲಿ ತೂಕವೂ ಹೊರೆಯೊಡನೆ ಇರಬಹುದಾದ ಒಟ್ಟು ತೂಕವೂ ನಮೂದಾಗಿರುತ್ತವೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿದುದೇ ಹೊರೆಯ ಮಿತಿ. ಗಾಡಿ ಮನೆಗೆ ಬಂದ ಮೇಲೆ ಹಾಕಿಸುವ ಕಬ್ಬಿಣದ ಕಟಕಟೆ, ತಾಡಪಾಲಿನ ಚೌಕಟ್ಟು, ಹೆಚ್ಚಿನ ಬಂಪರು, ಚಾಲಕನ ಪಕ್ಕದಲ್ಲಿ ಕುಳಿತವರು, ಇವೆಲ್ಲ ಆ ಮಿತಿಯನ್ನು ಕರಗಿಸುತ್ತವೆಂಬುದನ್ನು ಮರೆಯಬಾರದು. ನಿತ್ಯದ ಹೊರೆಯು ಮಿತಿಗಿಂತ ಎರಡು ಮೂರು ನೂರು ಕಿಲೋ ಕಡಿಮೆಯಿರುವಂತೆ ಗಾಡಿಯನ್ನು ಆರಿಸಿದರೆ ಅದು ಬಹುಕಾಲ ಬಾಳುತ್ತದೆ.

ಹೆಚ್ಚು ಹೇರಿದರೆ ಆಗುವುದೇನು? ಮೊದಲು ಸೊರಗುವುದು ಹಿಂಗಾಲಿಗಳ ಮೇಲಿನ ಉಕ್ಕಿನ ಪಟ್ಟಿಗಳು. ಬಳಿಕ ಟಯರು, ಕ್ಲಚ್ಚು, ಬೇರಿಂಗುಗಳು. ಕೊನೆಗೆ ಗಾಡಿಯ ಬೆನ್ನೆಲುಬಾದ ಚಾಸಿಯೇ ಬಿರುಕುಬಿಡುತ್ತದೆ. ಇದಕ್ಕಿಂತ ಘೋರವಾದುದು ಬ್ರೇಕಿನ ಸಂಗತಿ. ಬ್ರೇಕು ಗಾಡಿಯ ವೇಗವನ್ನು ಉಷ್ಣವಾಗಿ ಮಾರ್ಪಡಿಸಿ ಹೊರಗೆ ಬಿಡುವ ಸಾಧನ. ಭಾರ ಹೆಚ್ಚಿದಂತೆಲ್ಲ ಉಷ್ಣ ಹೆಚ್ಚುತ್ತದೆ. ಚಾರ್ಮಾಡಿಯಂತಹ ಉದ್ದದ ಇಳಿತದಲ್ಲಿ ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಯಾವ ಗೇರಿನಲ್ಲಿ ಘಾಟಿಯನ್ನು ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮವು ಇಂಜಿನಿನಿಂದಲೇ ಗಾಡಿಯನ್ನು ತಡೆಯುವ ಉಪಾಯವಾಗಿದೆ. ಇದರ ಜೊತೆಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯುಂಟು. ಹಿಂಗಾಲಿಗಳಿಂದ ನಡೆಯುವ ಪಿಕಪ್ಪು ಖಾಲಿಯಾದಾಗ ಅದರ ಹಿಂಭಾಗ ಹಗುರಾಗಿ, ಮಳೆಯ ರಸ್ತೆಯಲ್ಲಿ ಸುಲಭವಾಗಿ ಜಾರುತ್ತದೆ. ಮಾಲನ್ನು ಮಾರಿ ಕೈಯಲ್ಲಿ ದುಡ್ಡು ಹಿಡಿದು ಹಾಡುತ್ತ ಮರಳುವ ಹೊತ್ತೇ ಎಚ್ಚರವಿರಬೇಕಾದ ಹೊತ್ತು.

ಕಾನೂನು ಕೂಡ ಹೊರೆಯನ್ನೇ ಹಿಡಿದು ನಡೆಯುತ್ತದೆ. ಮಿತಿ ಮೀರಿ ಹೇರಿದ ಗಾಡಿಗೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡವೂ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯೂ ವಿಧಿಸಲ್ಪಟ್ಟಿವೆ. ಸ್ವಂತ ಬೆಳೆಯನ್ನೇ ಸಾಗಿಸುವೆವೆಂದು ಹೇಳಿದರೂ, ಸರಕಿಗಾಗಿಯೇ ರಚಿತವಾದ ಗಾಡಿಯು 1988ರ ಮೋಟಾರು ವಾಹನ ಅಧಿನಿಯಮದಂತೆ ಸಾರಿಗೆ ವಾಹನವೇ ಆಗಿರುತ್ತದೆ. ಹಳದಿ ಫಲಕವೂ ಕಾಲಕಾಲದ ಅರ್ಹತಾ ಪತ್ರವೂ ಅದಕ್ಕೆ ಬೇಕು. ಹೊಸ ಗಾಡಿಗೆ ಎರಡು ವರ್ಷಗಳ ಅರ್ಹತಾ ಪತ್ರ ದೊರೆಯುತ್ತದೆ. ಎಂಟು ವರ್ಷಗಳು ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕು. ಒಟ್ಟು ತೂಕವು 3,000 ಕಿಲೋ ಮೀರದ ಸರಕಿನ ಗಾಡಿಗೆ ಪರ್ಮಿಟ್ಟು ಬೇಡವೆಂದು ಅದೇ ಅಧಿನಿಯಮದ 66ನೆಯ ಪ್ರಕರಣವು ವಿನಾಯಿತಿ ಕೊಟ್ಟಿದೆ. ಮಧ್ಯಮ ಗಾತ್ರದ ಗಾಡಿಗಳು ಈ ಗೆರೆಯ ಆಚೀಚೆ ಎರಡೂ ಕಡೆ ಇರುವುದರಿಂದ, ಆರಿಸುವಾಗಲೇ ಗಾಡಿಯು ಯಾವ ಕಡೆಯದೆಂಬುದನ್ನು ನೋಡತಕ್ಕದ್ದು. ಚಾಲಕನ ಲೈಸೆನ್ಸಿನ ವಿಷಯದಲ್ಲಿ ಹಿಂದೆ ಇದ್ದ ಗೊಂದಲವನ್ನು ಸುಪ್ರೀಂ ಕೋರ್ಟು 2024ರ ನವೆಂಬರ್ 6ರಂದು ಬಗೆಹರಿಸಿತು. ಲಘು ವಾಹನದ ಲೈಸೆನ್ಸುಳ್ಳವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಬೇರೊಂದು ಅನುಮತಿಯಿಲ್ಲದೆ ನಡೆಸಬಹುದು.

ಇನ್ನು ಒಂದು ವಿಷಯವನ್ನು ನಾವು ಒತ್ತಿ ಹೇಳಲೇಬೇಕಾಗಿದೆ. ಮದುವೆಯ ದಿಬ್ಬಣಕ್ಕೂ, ದೇವರ ಜಾತ್ರೆಗೂ, ಕೂಲಿಯಾಳುಗಳನ್ನು ಹೊಲಕ್ಕೆ ಕರೆದೊಯ್ಯುವುದಕ್ಕೂ ಪಿಕಪ್ಪಿನ ತೊಟ್ಟಿಯಲ್ಲಿ ಜನರನ್ನು ನಿಲ್ಲಿಸಿಕೊಂಡು ಹೋಗುವ ರೂಢಿಯು ನಮ್ಮ ಸೀಮೆಯಲ್ಲಿ ಬೇರೂರಿದೆ. ಗೊಬ್ಬರದ ಮೂಟೆಯು ತಿರುವಿನಲ್ಲಿ ಬಿದ್ದರೆ ಗೊಬ್ಬರ ಚೆಲ್ಲುತ್ತದೆ. ಮನುಷ್ಯನು ಬಿದ್ದರೆ ಒಂದು ಸಂಸಾರವೇ ಬೀಳುತ್ತದೆ. ನಿಂತ ಜನರ ಭಾರವು ಎತ್ತರದಲ್ಲಿದ್ದು ತಿರುವಿನಲ್ಲಿ ಒಂದೇ ಕಡೆಗೆ ವಾಲುವುದರಿಂದ ಗಾಡಿ ಮಗುಚುವ ಭಯವೂ ಹೆಚ್ಚು. ಇಂತಹ ಪ್ರಯಾಣಿಕರ ವಿಷಯದಲ್ಲಿ ಸರಕಿನ ಗಾಡಿಯ ವಿಮಾ ಕಂಪನಿಯು ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿಯೇ ತೀರ್ಪು ಕೊಟ್ಟಿದೆ. ಸರಕಿನ ಒಡೆಯನಿಗೂ ಅವನ ಅಧಿಕೃತ ಪ್ರತಿನಿಧಿಗೂ ಮಾತ್ರ ಕಾನೂನಿನ ರಕ್ಷಣೆಯುಂಟು. ಮಿಕ್ಕವರ ಪ್ರಾಣಕ್ಕೆ ಪರಿಹಾರವು ಗಾಡಿಯ ಯಜಮಾನನ ಹೊಲ ಮನೆಗಳಿಂದ ಬರಬೇಕಾಗುತ್ತದೆ. ನೆಂಟರ ದಾಕ್ಷಿಣ್ಯಕ್ಕೆ ಒಪ್ಪಿಕೊಂಡ ಒಂದು ದಿನದ ಉಪಕಾರವು ಎರಡು ಮನೆಗಳನ್ನು ಹಾಳುಮಾಡಬಲ್ಲುದು. ಗಾಡಿ ಬಂದ ದಿನವೇ “ಇದು ಸರಕಿಗೆ, ಜನರಿಗಲ್ಲ” ಎಂದು ಮನೆಯಲ್ಲಿಯೂ ಬೀದಿಯಲ್ಲಿಯೂ ಸಾರಿಬಿಡುವುದು ಲೇಸು.

ಈಗ ಹಣದ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಸರಕಿನ ವಾಹನಗಳ ಮೇಲಿನ ಜಿಎಸ್‌ಟಿ ತೆರಿಗೆಯು ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ತೆರಿಗೆಯಲ್ಲಿ ಉಳಿದುದನ್ನು ಬಡ್ಡಿಯಲ್ಲಿ ಕಳೆದುಕೊಳ್ಳುವುದು ಬಹು ಸುಲಭ. ಎಂಟು ಲಕ್ಷ ರೂಪಾಯಿ ಸಾಲವನ್ನು ಐದು ವರ್ಷಕ್ಕೆ ತೆಗೆದುಕೊಳ್ಳುವೆವೆಂದು ಇಟ್ಟುಕೊಳ್ಳೋಣ. “ನೂರಕ್ಕೆ ಹತ್ತು” ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ಅಸಲು ತೀರುತ್ತ ಹೋದಂತೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ತಿಂಗಳ ಕಂತು ಸುಮಾರು 17,000 ರೂಪಾಯಿ. ಇಡೀ ಎಂಟು ಲಕ್ಷಕ್ಕೆ ಐದು ವರ್ಷವೂ ಬಡ್ಡಿ ಹಾಕುವ “ಫ್ಲ್ಯಾಟ್” ಕ್ರಮದಲ್ಲಿ ಬಡ್ಡಿಯೇ ನಾಲ್ಕು ಲಕ್ಷವಾಗಿ, ಕಂತು 20,000 ರೂಪಾಯಿಯಾಗುತ್ತದೆ. ತೀರಿದ ಅಸಲಿಗೂ ಬಡ್ಡಿ ತೆರುವುದರಿಂದ ಎರಡನೆಯದು ಮೊದಲನೆಯ ಕ್ರಮದ ಲೆಕ್ಕದಲ್ಲಿ ನೂರಕ್ಕೆ ಹದಿನೇಳನ್ನು ಮೀರಿದ ಬಡ್ಡಿ! ಐದು ವರ್ಷಗಳಲ್ಲಿ ಬರುವ ವ್ಯತ್ಯಾಸವು ಸುಮಾರು ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ. “ಬಡ್ಡಿ ಯಾವ ಕ್ರಮದ್ದು? ಒಟ್ಟು ಎಷ್ಟು ಕಟ್ಟಬೇಕು?” ಎಂಬ ಎರಡು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಬರುವ ತನಕ ರುಜು ಹಾಕಬಾರದು.

ಅದಕ್ಕಿಂತ ಮುಂಚೆ, ಕೊಳ್ಳುವುದೇ ಬೇಕೋ, ಬಾಡಿಗೆಯೇ ಸಾಕೋ ಎಂದು ಲೆಕ್ಕ ಹಾಕಬೇಕು. ಮಂಡಿಗೆ ಒಂದು ಸಲ ಹೋಗಿಬರಲು ಬಾಡಿಗೆ 3,000 ರೂಪಾಯಿ ಎನ್ನೋಣ. ಸ್ವಂತ ಗಾಡಿಯಾದರೂ ಡೀಸೆಲ್ಲಿಗೂ ಚಾಲಕನಿಗೂ 1,200 ರೂಪಾಯಿ ತಗಲಿದರೆ, ಉಳಿಯುವುದು 1,800. ಕಂತು 17,000; ವಿಮೆ, ಟಯರು, ರಿಪೇರಿ, ಅರ್ಹತಾ ಪತ್ರಗಳಿಗೆ ತಿಂಗಳಿಗೆ 5,000 ತೆಗೆದಿಡಬೇಕೆಂದರೆ ಒಟ್ಟು 22,000. ಹಾಗಾದರೆ ತಿಂಗಳಿಗೆ ಹದಿಮೂರು ಸಲವಾದರೂ ಗಾಡಿ ಓಡಿದ ಮೇಲೆಯೇ ಲಾಭದ ಮುಖ ಕಾಣುವುದು. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ಈ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. ವರ್ಷಕ್ಕೆ ಎರಡು ಕೊಯ್ಲಿನ ಕಾಲದಲ್ಲಿ ಮಾತ್ರ ಗಾಡಿ ಬೇಕಾಗುವ ಮನೆಗೆ ಬಾಡಿಗೆಯೇ ಸುಖ. ನೆರೆಯವರ ಮಾಲನ್ನೂ ಬಾಡಿಗೆಗೆ ಹೊತ್ತು ಕಂತು ಕಟ್ಟುವೆನೆಂಬ ಧೈರ್ಯವಿರುವವರು, ಅದೇ ಊರಿನಲ್ಲಿ ಈಗಾಗಲೇ ಎಷ್ಟು ಗಾಡಿಗಳು ಅದೇ ಧೈರ್ಯದಿಂದ ನಿಂತಿವೆಯೆಂಬುದನ್ನು ಎಣಿಸಿ ನೋಡಲಿ.

ಹೊಸ ಗಾಡಿಯೇ ಆಗಬೇಕೆಂಬ ನಿರ್ಬಂಧವೇನೂ ಇಲ್ಲ. ಆದರೆ ಹಳೆಯದನ್ನು ಕೊಳ್ಳುವವನು ಎತ್ತಿನ ಹಲ್ಲನ್ನು ನೋಡಿದಂತೆಯೇ ನೋಡಬೇಕು. ಇಂಜಿನು ಪೂರ್ತಿ ತಣ್ಣಗಿರುವ ಬೆಳಗಿನ ಹೊತ್ತು ಹೋಗಿ ಚಾಲೂ ಮಾಡಿಸಬೇಕು. ಹೊಗೆ ನೀಲಿಯಾಗಿದ್ದರೆ ಇಂಜಿನು ಎಣ್ಣೆಯನ್ನು ಕುಡಿಯುತ್ತಿದೆ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ತಂಪಿನ ನೀರು ಒಳಗೆ ಸೋರುತ್ತಿರಬಹುದು. ಗಾಡಿಯ ಕೆಳಗೆ ಬಗ್ಗಿ ಚಾಸಿಗೆ ಬೆಸುಗೆ ಹಾಕಿದ ಗುರುತನ್ನು ಹುಡುಕಬೇಕು. ಹಿಂದಿನ ಪಟ್ಟಿಗಳಿಗೆ ಕಂಪನಿಯವರು ಕೊಟ್ಟುದಕ್ಕಿಂತ ಹೆಚ್ಚಿನ ಪಟ್ಟಿಯನ್ನು ಸೇರಿಸಿದ್ದರೆ, ಆ ಗಾಡಿ ಮಿತಿ ಮೀರಿ ಹೊತ್ತಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಓಡಿದ ದೂರ ತೀರ ಕಡಿಮೆಯೆಂದು ಮೀಟರು ತೋರಿಸಿ, ಕ್ಲಚ್ಚಿನ ಪೆಡಲು ಸವೆದು ನುಣ್ಣಗಾಗಿದ್ದರೆ ಪೆಡಲನ್ನೇ ನಂಬುವುದು ಕ್ಷೇಮ. ಹಳೆಯ ಸಾಲದ ನಮೂದು ಆರ್‌ಸಿಯಿಂದ ತೆಗೆಯಲ್ಪಟ್ಟಿದೆಯೇ, ದಂಡಗಳು ಬಾಕಿಯಿವೆಯೇ, ಚಾಸಿಯ ಮೇಲಿನ ಸಂಖ್ಯೆಯೂ ಕಾಗದದ ಸಂಖ್ಯೆಯೂ ಒಂದೇ ಆಗಿವೆಯೇ ಎಂಬುದನ್ನು ಹಣ ಕೊಡುವ ಮೊದಲೇ ನೋಡಬೇಕು. ಮಾರುವವರೂ ಹೆಸರಿನ ವರ್ಗಾವಣೆಯನ್ನು ಉದಾಸೀನ ಮಾಡಬಾರದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತಕ್ಕೆ ಹೊಣೆಯಾದ ಮಾಲೀಕನೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಹೊಸ ಡೀಸೆಲ್ ಗಾಡಿಗಳ ಒಂದು ಸ್ವಭಾವವನ್ನೂ ತಿಳಿದಿರಬೇಕು. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ, ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಸೋಸುಕವು ಇವುಗಳಲ್ಲಿರುತ್ತದೆ. ಗಾಡಿಯು ಆಗಾಗ ದೂರದ ರಸ್ತೆಯಲ್ಲಿ ಒಂದೇ ಸಮನೆ ಓಡಿ ಚೆನ್ನಾಗಿ ಬಿಸಿಯಾದರೆ ಆ ಮಸಿಯು ತಾನಾಗಿ ಉರಿದುಹೋಗುತ್ತದೆ. ಹೊಲದಿಂದ ಮನೆಗೆ, ಮನೆಯಿಂದ ಅಂಗಡಿಗೆ ಎಂದು ಎರಡೆರಡು ಮೈಲಿ ಮಾತ್ರ ಓಡಿಸಿದರೆ ಸೋಸುಕ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ಅದನ್ನು ಅಲಕ್ಷ್ಯ ಮಾಡಿದವರಿಗೆ ದೊಡ್ಡ ವೆಚ್ಚ ಕಾದಿರುತ್ತದೆ. ಆದುದರಿಂದ ತಮ್ಮ ಓಡಾಟ ಎಂತಹದೆಂಬುದನ್ನು ಮಾರುವವರಿಗೆ ಮೊದಲೇ ತಿಳಿಸಿ ಕೇಳುವುದು ಅವಶ್ಯ.

ನಂಬಿಕೆಯ ಗಾಡಿ ಯಾವುದೆಂದು ಅನೇಕರು ಕೇಳುವರು. ನಂಬಿಕೆಯೆಂಬುದು ಅರ್ಧ ಕಾರ್ಖಾನೆಯಿಂದ ಬರುತ್ತದೆ, ಉಳಿದರ್ಧ ನಮ್ಮ ಅಂಗಳದಲ್ಲಿ ಬೆಳೆಯುತ್ತದೆ. ತಮ್ಮ ತಾಲ್ಲೂಕಿನಲ್ಲಿಯೇ ಯಾವ ಗಾಡಿಗೆ ಬಿಡಿಭಾಗಗಳು ಸಿಕ್ಕುತ್ತವೆ, ಯಾವುದನ್ನು ಬಿಚ್ಚಿ ಕಟ್ಟಲು ಬಲ್ಲ ಮೆಕ್ಯಾನಿಕ್ಕು ಇದ್ದಾನೆ, ಐದಾರು ವರ್ಷ ಓಡಿಸಿದವರು ಏನೆನ್ನುತ್ತಾರೆ ಎಂಬುದನ್ನು ವಿಚಾರಿಸಿದರೆ ಮೊದಲರ್ಧ ತಿಳಿಯುತ್ತದೆ. ಹಣ್ಣು ತುಂಬಿದ ಗಾಡಿ ಹರಾಜಿನ ಹಿಂದಿನ ರಾತ್ರಿ ಕೆಟ್ಟು ನಿಂತರೆ, ದೂರದ ನಗರದಲ್ಲಿರುವ ಬಿಡಿಭಾಗದಿಂದ ಪ್ರಯೋಜನವಿಲ್ಲ. ಉಳಿದರ್ಧವು ಎಣ್ಣೆಯನ್ನು ಕಾಲಕ್ಕೆ ಬದಲಿಸುವುದರಿಂದ, ಟಯರಿನ ಗಾಳಿಯನ್ನು ನೋಡುವುದರಿಂದ, ಎಲ್ಲಕ್ಕಿಂತ ಹೆಚ್ಚಾಗಿ ಇನ್ನೆರಡು ಮೂಟೆ ಹೇರೆಂದವರಿಗೆ ಆಗದು ಎನ್ನುವುದರಿಂದ ಬರುತ್ತದೆ.

ಕೊನೆಯದಾಗಿ, ಖಾಲಿ ಗಾಡಿಯನ್ನು ನಯವಾದ ರಸ್ತೆಯಲ್ಲಿ ಓಡಿಸಿ ನೋಡಿ ಒಪ್ಪಿಕೊಳ್ಳಬೇಡಿರಿ. ಮಾರುವವರ ಅನುಮತಿ ಪಡೆದು, ಮಿತಿಯೊಳಗಿನ ಹೊರೆಯನ್ನು ಹೇರಿ, ವೇಬ್ರಿಡ್ಜಿನಲ್ಲಿ ತೂಗಿಸಿ, ನಿಮ್ಮೂರಿನ ಏರಿನಲ್ಲಿಯೇ ಹತ್ತಿಸಿ ಇಳಿಸಿ ನೋಡಿರಿ. ಆಮೇಲೆ ಹೊರೆಯ ಹಾಳೆಯನ್ನೂ ಕಂತಿನ ಹಾಳೆಯನ್ನೂ ಮನೆಯವರೆಲ್ಲರ ಮುಂದೆ ಇಟ್ಟು ಓದಿರಿ. ಯಾರ ಒಡವೆ ಗಿರವಿಗೆ ಹೋಗಬೇಕೋ ಅವರ ಮಾತನ್ನು ಮೊದಲು ಕೇಳಿರಿ. ಬೆಲೆ ಬಿದ್ದ ವರ್ಷದಲ್ಲಿಯೂ ಈ ಕಂತನ್ನು ಕಟ್ಟಬಲ್ಲೆವೆಂದು ಎಲ್ಲರಿಗೂ ತೋರಿದರೆ ಧೈರ್ಯವಾಗಿ ಕೊಳ್ಳಬಹುದು. ತೋರದಿದ್ದರೆ ಇನ್ನೊಂದು ಕೊಯ್ಲಿನ ತನಕ ಬಾಡಿಗೆಯ ಗಾಡಿಯಲ್ಲಿಯೇ ಮಾಲು ಮಂಡಿಗೆ ಹೋಗಲಿ. ಅದರಿಂದ ಯಾರ ಮರ್ಯಾದೆಯೂ ಕಡಿಮೆಯಾಗುವುದಿಲ್ಲ.